ಮುಜುಗರ ಎಂದು ಬರೆದೆ

ಟೇಲರ್ ಸಾಬರ ಮುಂದಿನ ಹಲ್ಲಿನ ತುದಿಯಲ್ಲಿ ಒಂದು ಸಣ್ಣ ಕಚ್ಚು ಇತ್ತು. ಹುಟ್ಟಿನಿಂದ ಬಂದದ್ದಲ್ಲ, ನಲವತ್ತು ವರ್ಷ ಅದೇ ಜಾಗಕ್ಕೆ ದಾರ ಕೊಟ್ಟು ಕಡಿದು ಕಡಿದು ಬಿದ್ದ ಗುರುತು. ಕತ್ತರಿ ಕೈಯಳತೆಯಲ್ಲೇ ಇರುತ್ತಿತ್ತು. ಆದರೂ ಬಟ್ಟೆಯನ್ನು ಬಾಯಿಯ ಹತ್ತಿರ ತಂದು, ತಲೆಯನ್ನು ಕೊಂಚ ಓರೆ ಮಾಡಿ, ಟಕ್ಕೆಂದು ಕಡಿಯುತ್ತಿದ್ದರು. ಆ ಕಚ್ಚು ಕಾಣಬಾರದೆಂದು ನಗುವಾಗ ಮೇಲ್ದುಟಿಯನ್ನು ಕೆಳಗೆ ಎಳೆದುಕೊಳ್ಳುತ್ತಿದ್ದರು. ಹಾಗಾಗಿ ಅವರ ನಗು ಯಾವಾಗಲೂ ಅರ್ಧ ತಡೆದ ಹಾಗೆ ಇರುತ್ತಿತ್ತು.

ನ್ಯಾಮತಿಯ ಬಸ್ ನಿಲ್ದಾಣದ ಎದುರು ಸಾಲಿನಲ್ಲಿ, ಗೊಬ್ಬರದ ಅಂಗಡಿಗೂ ಸೈಕಲ್ ಶಾಪಿಗೂ ನಡುವೆ, ಒಂದು ಮಂಚ ಹಾಕುವಷ್ಟು ಅಗಲದ ಅಂಗಡಿ ಅವರದು. ಮುಂದೆ ಮಷೀನು, ಹಿಂದೆ ಒಂದು ಪರದೆ, ಪರದೆಯ ಹಿಂದೆ ಮನೆ. ದೊಡ್ಡವರು ಅವರನ್ನು ಸಾಬ್ರೇ ಎನ್ನುತ್ತಿದ್ದರು, ನಾವು ಮಕ್ಕಳು ಚಾಚಾ ಎನ್ನುತ್ತಿದ್ದೆವು. ನಮ್ಮ ಮನೆ ಅದೇ ಬೀದಿಯ ಕೊನೆಯಲ್ಲಿತ್ತು. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರು. ಅವ್ವ ಅಂಗನವಾಡಿಯಲ್ಲಿ ಸಹಾಯಕಿ. ಅವ್ವ ಬರುವವರೆಗೆ ನಾನು ಆ ಅಂಗಡಿಯ ಮೆಟ್ಟಿಲ ಮೇಲೆ ಕೂತು ಓದಿಕೊಳ್ಳುತ್ತಿದ್ದೆ.

ಹೆಣ್ಣುಮಕ್ಕಳ ಅಳತೆಯನ್ನು ಚಾಚಾ ತೆಗೆದುಕೊಂಡದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ಪರದೆಯ ಹಿಂದೆ ಅವರ ಹೆಂಡತಿ, ನಮ್ಮ ಚಾಚಿ, ತೆಗೆದುಕೊಳ್ಳುತ್ತಿದ್ದರು. ಚಾಚಿಗೆ ಅಂಕಿ ಓದಲು ಬರುತ್ತಿರಲಿಲ್ಲ. ಒಂದು ದಾರ ಹಿಡಿದು ಭುಜಕ್ಕೊಂದು, ಎದೆಗೊಂದು, ಸೊಂಟಕ್ಕೊಂದು ಗಂಟು ಹಾಕಿ ಹೊರಗೆ ಕಳಿಸುತ್ತಿದ್ದರು. ಚಾಚಾ ಆ ದಾರವನ್ನು ಟೇಪಿನ ಮೇಲಿಟ್ಟು ಅಂಕಿ ಬರೆದುಕೊಳ್ಳುತ್ತಿದ್ದರು. ಬೇರೆ ಟೇಲರುಗಳು "ಸೊಂಟ ಮೂವತ್ತಾರು" ಎಂದು ಕೂಗಿ ಬರೆಸುವುದನ್ನು ನೀವು ಕೇಳಿರುತ್ತೀರಿ. ಇಲ್ಲಿ ಯಾರ ಮೈಯೂ ಬೀದಿಗೆ ಕೇಳಿಸುತ್ತಿರಲಿಲ್ಲ. ನಮ್ಮ ತರಗತಿಯ ಒಬ್ಬಳು ದಪ್ಪ ಹುಡುಗಿ, ಎಲ್ಲರಿಂದಲೂ ಹಾಸ್ಯ ಮಾಡಿಸಿಕೊಳ್ಳುತ್ತಿದ್ದವಳು, ಆ ಒಂದು ಅಂಗಡಿಗೆ ಮಾತ್ರ ತಲೆ ಎತ್ತಿಕೊಂಡು ಹೋಗುತ್ತಿದ್ದಳು.

ಹರಿದ ಬಟ್ಟೆ ತಂದರೆ ಅವರು ತೇಪೆ ಹಾಕುತ್ತಿರಲಿಲ್ಲ. ಹರಿದ ಜಾಗದ ಮೇಲೆ ಒಂದು ಜೇಬು ಇಡುತ್ತಿದ್ದರು. ಒಂದೇ ಕಡೆ ಜೇಬಿದ್ದರೆ ಅನುಮಾನ ಬರುತ್ತದೆಂದು ಇನ್ನೊಂದು ಕಡೆಯೂ ಅದೇ ಎತ್ತರಕ್ಕೆ ಇನ್ನೊಂದು. ಏಳನೇ ತರಗತಿಯಲ್ಲಿ ನನ್ನ ಲಂಗಕ್ಕೆ ನಾಲ್ಕು ಜೇಬುಗಳಿದ್ದವು. ಗೆಳತಿಯರು ಹೊಟ್ಟೆಕಿಚ್ಚು ಪಟ್ಟರು. ನಾಲ್ಕು ಕಡೆ ಹರಿದಿದೆ ಎಂದು ಯಾರಿಗೂ ಹೊಳೆಯಲಿಲ್ಲ.

ಎಂಟನೇ ತರಗತಿಯಲ್ಲಿ ನಡೆದದ್ದನ್ನು ಹೇಳಬೇಕು. ಶಾಲೆ ಬಿಟ್ಟು ಬಸ್ ನಿಲ್ದಾಣ ದಾಟಿ ಬರುತ್ತಿದ್ದೆ. ಸೂರಗೊಂಡನಕೊಪ್ಪದ ಕಡೆಯ ಬಸ್ಸಿಗೆ ಜನ ಕಿಕ್ಕಿರಿದು ನಿಂತಿದ್ದರು. ನನ್ನ ಹಿಂದೆ ನಾಲ್ಕೈದು ಹುಡುಗರು ಕಿಸಿಕಿಸಿ ನಗುತ್ತ ಬರುತ್ತಿದ್ದರು. ನನ್ನ ಹಳೆಯ ಬ್ಯಾಗು ನೋಡಿ ನಗುತ್ತಿದ್ದಾರೆಂದು ನಾನು ಅದನ್ನು ಮುಂದಕ್ಕೆ ತಂದು ಎದೆಗೆ ಅವುಚಿಕೊಂಡೆ. ನಗು ಇನ್ನೂ ಜೋರಾಯಿತು. ಆಗ ಅಂಗಡಿಯಿಂದ ಚಾಚಾ, ಬೀದಿಗೆಲ್ಲ ಕೇಳುವ ಹಾಗೆ, ಎಂದೂ ಎತ್ತದ ದನಿಯಲ್ಲಿ ಕೂಗಿದರು:

"ಏ ಬೇಟಿ, ನಿನ್ನ ಲಂಗದ ಹೊಲಿಗೆ ಬಿಟ್ಟೈತೆ. ನಂದೇ ತಪ್ಪು, ದಾರ ಹಳೇದಿತ್ತು. ಒಳಗ್ಹೋಗು, ಚಾಚಿ ಹಾಕಿಕೊಡ್ತಾಳೆ."

ಹಾಗೆಂದವರು ಎದ್ದು ಬಂದು, ತಾವು ಹೊಲಿಯುತ್ತಿದ್ದ ಯಾವುದೋ ಹಾಸಿಗೆಯ ಹೊದಿಕೆಯನ್ನು ಕೊಡವುವವರಂತೆ ನನ್ನ ಹಿಂದೆ ಅಗಲಿಸಿ ಹಿಡಿದರು. ಪರದೆಯ ಹಿಂದೆ ಹೋದ ಮೇಲೆ ಚಾಚಿ ಹೇಳಿದರು, ಏನಾಗಿದೆ ಎಂದು. ನನಗೆ ಅದು ಮೊದಲ ಸಲ. ಚಾಚಿ ಬಟ್ಟೆ ಕೊಟ್ಟರು, ಬಿಸಿನೀರು ಕೊಟ್ಟರು, ಲಂಗ ಒಗೆದು ಇಸ್ತ್ರಿಪೆಟ್ಟಿಗೆ ಒತ್ತಿ ಒಣಗಿಸಿದರು. ನಾನು ಹೊರಗೆ ಬಂದಾಗ ಚಾಚಾ ತಲೆ ಎತ್ತಲಿಲ್ಲ. "ಗಟ್ಟಿ ಹಾಕಿದ್ಳಾ ಹೊಲಿಗೆ?" ಎಂದಷ್ಟೇ ಕೇಳಿದರು. ಅವ್ವ ಬಂದಾಗಲೂ ಅದೇ ಮಾತು: "ಹೊಲಿಗೆ ಬಿಟ್ಟಿತ್ತಮ್ಮ, ಸರಿ ಮಾಡೀವಿ." ಹೆತ್ತ ತಾಯಿಗೆ ಹೇಳುವ ಹಕ್ಕೂ ನನ್ನದೇ ಎಂದು ಬಿಟ್ಟಿದ್ದರು.

ನಾನು ಪಿಯುಸಿಗೆ ಹೊನ್ನಾಳಿಗೆ ಹೋಗಿ ಬರುವಾಗಲೂ ಆ ಮೆಟ್ಟಿಲು ಬಿಡಲಿಲ್ಲ. ಚಾಚಾಗೆ ಕನ್ನಡ ಮಾತಾಡಲು ನಮ್ಮಷ್ಟೇ ಬರುತ್ತಿತ್ತು, ಓದು ಮಾತ್ರ ಅಂಗಡಿ ಬೋರ್ಡುಗಳವರೆಗೆ. ಪದಗಳ ಬಗ್ಗೆ ವಿಚಿತ್ರ ಆಸೆ. ಒಂದು ಮಧ್ಯಾಹ್ನ, ಮದುವೆಯ ರವಿಕೆಯೊಂದಕ್ಕೆ ಗುಂಡಿ ಹಚ್ಚುತ್ತ ಕೇಳಿದರು:

"ಬೇಟಿ, ಮದುವೆ ಹೆಣ್ಣು ತಲೆ ತಗ್ಗಿಸಿದ್ರೂ ನಾಚಿಕೆ ಅಂತೀರಿ, ಕಳ್ಳ ಸಿಕ್ಕಿಬಿದ್ದು ತಲೆ ತಗ್ಗಿಸಿದ್ರೂ ನಾಚಿಕೆ ಅಂತೀರಿ. ಎರಡಕ್ಕೂ ಒಂದೇ ಪದ ಹೆಂಗೆ?"

ಲಜ್ಜೆ, ಸಂಕೋಚ, ಅವಮಾನ ಎಂದು ಪುಸ್ತಕದ ಪದಗಳನ್ನು ಒಂದೊಂದಾಗಿ ಹೇಳಿದೆ. ಅವರು ಕೇಳಿಸಿಕೊಂಡರು.

"ನಮ್ಮಾಗ ಹಯಾ ಅಂತ ಒಂದೈತೆ," ಎಂದರು. "ಅದು ತಪ್ಪು ಮಾಡಾಕೆ ಮುಂಚೆ ಬರ್ತೈತೆ. ಕೈ ಹಿಡೀತೈತೆ. ಇನ್ನೊಂದು ಶರ್ಮಿಂದಗಿ, ಅದು ಮಾಡಿದ ಮ್ಯಾಲೆ. ಮೊದಲನೇದು ಇದ್ರೆ ಎರಡನೇದು ಬೇಕಾಗಾಕಿಲ್ಲ. ನಿಮ್ಮಾಗೂ ಎರಡು ಪದ ಇದ್ದಾವು, ನೋಡು. ಹುಡುಕು."

ನಾನು ಹುಡುಕಿದೆ, ಬಿ.ಎ.ಯಲ್ಲಿ, ಬಿ.ಎಡ್‌ನಲ್ಲಿ, ನಿಘಂಟಿನಲ್ಲಿ. ಕನ್ನಡದ ಟೀಚರಾದೆ. ಊರ ಹತ್ತಿರದ ಒಂದು ಪ್ರೌಢಶಾಲೆಗೆ ನೇಮಕವಾಯಿತು. ಅದರ ಹೆಸರು ಇಲ್ಲಿ ಬೇಡ. ಕೆಲಸ ಸಿಕ್ಕ ದಿನ ಚಾಚಾಗೆ ಪೇಡೆ ಕೊಡಲು ಹೋದೆ. ಅವರು ಎದ್ದು ನಿಂತು ತೆಗೆದುಕೊಂಡರು. ಅಂದಿನಿಂದ ಅವರ ಬಾಯಲ್ಲಿ ನಾನು 'ಮೇಡಂ' ಆದೆ, 'ನೀವು' ಆದೆ. ನಾನು ಬೇಡವೆಂದೆ. "ಇಸ್ಕೂಲಿಗೆ ಒಂದು ಮರ್ಯಾದೆ ಐತಲ್ಲ," ಎಂದರು.

ಆ ಶಾಲೆಯ ಮಕ್ಕಳ ಸಮವಸ್ತ್ರವನ್ನು ನಾನು ಸೇರುವುದಕ್ಕೂ ಮೊದಲಿನಿಂದ ಅವರೇ ಹೊಲಿಯುತ್ತಿದ್ದರು. ಚಾಚಿ ತೀರಿಕೊಂಡ ಮೇಲೆ ಹುಡುಗಿಯರ ಅಳತೆಗೆ ಸೊಸೆ ಬರುತ್ತಿದ್ದಳು. ಅವಳು ಒಂದು ಕೋಣೆಯೊಳಗೆ ಬಾಗಿಲು ಹಾಕಿಕೊಂಡು ಅಳತೆ ತೆಗೆಯುವಾಗ, ಚಾಚಾ ಶಾಲೆಯ ಗೇಟಿನ ಬಳಿ, ಕಟ್ಟಡಕ್ಕೆ ಬೆನ್ನು ಮಾಡಿ ಕೂತಿರುತ್ತಿದ್ದರು. ಇದನ್ನು ಇಡೀ ಶಾಲೆ ನೋಡಿದೆ. ಮಗನ ಮಗಳು, ಅಂದರೆ ಅವರ ಮೊಮ್ಮಗಳು, ಅದೇ ಶಾಲೆಯಲ್ಲಿ ಒಂಬತ್ತನೇ ತರಗತಿಯಲ್ಲಿದ್ದಳು. ನನ್ನ ತರಗತಿ. ಚುರುಕು ಹುಡುಗಿ, ಪದ್ಯ ಓದಿದರೆ ಕೇಳಬೇಕೆನಿಸುತ್ತಿತ್ತು.

ಆ ವರ್ಷ ಎಲ್ಲೋ ಒಂದು ಊರಿನಲ್ಲಿ ಮೆರವಣಿಗೆಯ ವಿಷಯಕ್ಕೆ ಜಗಳವಾಗಿತ್ತು. ಅಲ್ಲಿ ಕಲ್ಲು ಬಿದ್ದದ್ದು ಒಂದು ಸಂಜೆ. ನಮ್ಮ ಮೊಬೈಲುಗಳಲ್ಲಿ ಎರಡು ತಿಂಗಳು ಬಿತ್ತು. ಅವರ ಅಂಗಡಿಗೆ ಹೋಗಬೇಡಿ, ಅವರಿಗೆ ಕೆಲಸ ಕೊಡಬೇಡಿ ಎಂದು ಮೆಸೇಜುಗಳು. ಜೂನಿನಲ್ಲಿ ಶಾಲೆ ಶುರುವಾದ ವಾರ, ಶಾಲಾ ಸಮಿತಿಯ ಇಬ್ಬರು ಹೆಡ್‌ಮಾಸ್ತರರ ಕೋಣೆಗೆ ಬಂದರು. ಸಮವಸ್ತ್ರದ ಜವಾಬ್ದಾರಿ ನನ್ನದಾದ್ದರಿಂದ ನನ್ನನ್ನೂ ಕರೆದರು.

"ಈ ವರ್ಷ ಬ್ಯಾರೇರಿಗೆ ಕೊಡ್ರಿ ಮೇಡಂ. ಕಾರಣ ನಿಮಗೆ ಗೊತ್ತೈತಲ್ಲ," ಎಂದ ಒಬ್ಬ. ಅವನು ಹಾಕಿಕೊಂಡಿದ್ದ ಅಂಗಿಯೂ ಚಾಚಾ ಹೊಲಿದದ್ದೇ. ಕಾಲರಿನ ಹೊಲಿಗೆ ನೋಡಿದರೆ ನನಗೆ ತಿಳಿಯುತ್ತಿತ್ತು.

ಅವರು ಹೋದ ಮೇಲೆ ಹೆಡ್‌ಮಾಸ್ತರರು ಪೆನ್ನು ನನ್ನ ಕಡೆ ಸರಿಸಿದರು. "ನಡಾವಳಿಗೆ ಒಂದು ಕಾರಣ ಬೇಕಲ್ಲ ಮೇಡಂ. ಜಾತಿ ಧರ್ಮ ಬರಬಾರದು. ನಿಮ್ಮ ಕನ್ನಡ ಚೆನ್ನಾಗೈತೆ, ನೀವೇ ಬರೀರಿ. ನಾನು ಸಹಿ ಹಾಕ್ತೀನಿ."

ನಾನು ಇಲ್ಲವೆನ್ನಬಹುದಿತ್ತು. ನನ್ನ ಕೆಲಸ ಹೋಗುತ್ತಿರಲಿಲ್ಲ. ಹೆಚ್ಚೆಂದರೆ ಆ ಇಬ್ಬರು ಮುಖ ಊದಿಸಿಕೊಳ್ಳುತ್ತಿದ್ದರು, ಮೊಬೈಲಿನ ಗುಂಪುಗಳಲ್ಲಿ ನನ್ನ ಹೆಸರು ನಾಲ್ಕು ದಿನ ಓಡಾಡುತ್ತಿತ್ತು. ಅಷ್ಟಕ್ಕೇ ಹೆದರಿದೆ. ಕೂತು ಕಾರಣ ಹುಡುಕಿದೆ. ಬಟ್ಟೆ ತಡವಾಗಿ ಕೊಟ್ಟರು ಎನ್ನೋಣವೆಂದರೆ ಒಂದು ವರ್ಷವೂ ತಡ ಮಾಡಿದವರಲ್ಲ. ಹೊಲಿಗೆ ಕಳಪೆ ಎನ್ನೋಣವೆಂದರೆ ಕಿಟಕಿಯಾಚೆ ಮೂರು ವರ್ಷದ ಹಳೆಯ ಸಮವಸ್ತ್ರ ತೊಟ್ಟ ಮಕ್ಕಳು ಆಡುತ್ತಿದ್ದರು. ಕಣ್ಣಿಗೆ ಕಾಣದ, ಯಾರೂ ಪರೀಕ್ಷೆ ಮಾಡಲಾಗದ ಕಾರಣ ಬೇಕಿತ್ತು. ಬರೆದೆ: 'ಅಳತೆ ನೀಡುವ ಸಂದರ್ಭದಲ್ಲಿ ವಿದ್ಯಾರ್ಥಿನಿಯರಿಗೆ ಮುಜುಗರ ಉಂಟಾಗುತ್ತಿರುವುದು ಗಮನಕ್ಕೆ ಬಂದಿರುವುದರಿಂದ.'

ಮುಜುಗರ. ಬೇಕೆಂದೇ ಆ ಪದ ಆರಿಸಿದೆ. ಮೆತ್ತನೆಯ ಪದ, ಯಾರಿಗೂ ಗಾಯವಾಗದು ಎಂದುಕೊಂಡೆ. ಹೆಡ್‌ಮಾಸ್ತರರು ಓದಿ, "ಭಾಳ ನೀಟಾಗೈತೆ," ಎಂದು ಸಹಿ ಹಾಕಿದರು.

ಆ ಪುಟದ ಫೋಟೋ ಯಾರು ತೆಗೆದರೋ, ಮೂರೇ ದಿನಕ್ಕೆ ಎಲ್ಲರ ಮೊಬೈಲಿಗೂ ಬಂತು. ಮೊಬೈಲಿನಲ್ಲಿ ಓದಿದವರು ಮುಜುಗರ ಎಂದಷ್ಟೇ ಓದಲಿಲ್ಲ. ಯಾವ ಹುಡುಗಿ, ಏನು ಮಾಡಿದನಂತೆ, ಎಷ್ಟು ವರ್ಷದಿಂದ ನಡೀತಿತ್ತಂತೆ ಎಂದು ಓದಿದರು. ನನ್ನ ಮೆತ್ತನೆಯ ಪದದೊಳಗೆ ಏನು ಬೇಕಾದರೂ ತುಂಬಬಹುದಿತ್ತು.

ಮುಂದಿನ ವಾರ ಊಟದ ಬಿಡುವಿನಲ್ಲಿ ಚಾಚಾ ಶಾಲೆಗೆ ಬಂದರು. ಶುಭ್ರವಾದ ಬಿಳಿ ಅಂಗಿ, ತಲೆಗೆ ಟೋಪಿ. ಜಗಲಿಯ ಮೇಲೆ ಬರದೆ ಮೆಟ್ಟಿಲ ಕೆಳಗೇ ನಿಂತರು. ಸ್ಟಾಫ್ ರೂಮಿನಿಂದ ಎಲ್ಲರೂ ನೋಡುತ್ತಿದ್ದರು. ನಾನು ಹೊರಗೆ ಬಂದೆ.

"ಮೇಡಂ, ಒಂದು ಪದ ಕೇಳಾಕೆ ಬಂದೆ. ಮುಜುಗರ ಅಂದ್ರೆ ಏನ್ರಿ?"

"ಸಂಕೋಚ, ಚಾಚಾ."

"ಅಂದ್ರೆ ನಾಚಿಕೆ."

"ಹೂಂ. ಹಂಗೇ."

"ಅಳತೆ ತಗೊಳ್ಳಾಕಿ ನನ್ನ ಸೊಸೆ. ನಾನು ಗೇಟಿನತ್ರ ಕುಂತಿರ್ತೀನಿ, ನೀವೇ ನೋಡೀರಿ. ಆದ್ರೂ ಯಾವುದೋ ಮಗುವಿಗೆ ಹಂಗನಿಸಿದ್ರೆ ಅದು ನನ್ನದೇ ತಪ್ಪು. ಆ ಮಗು ಯಾರು ಅಂತ ಹೇಳ್ರಿ. ಅದರ ತಾಯಿತಂದೆ ಮುಂದೆ ಮಾಫಿ ಕೇಳಿ ಹೋಗ್ತೀನಿ."

ಹಿಂದೆ ಸ್ಟಾಫ್ ರೂಮಿನಲ್ಲಿ ಚಮಚದ ಸದ್ದು ನಿಂತಿತ್ತು. "ಯಾರು ಅಂತ ನಂಗೂ ಗೊತ್ತಿಲ್ಲ ಚಾಚಾ," ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಹೆಣ್ಣುಮಕ್ಕಳನ್ನು ಹಾಗೆ ನೇರ ನೋಡಿದವರಲ್ಲ ಅವರು. ಆಮೇಲೆ "ಆಗ್ಲಿ ಬರ್ತೀನಿ" ಎಂದು ಹೊರಟರು.

ಅಂಗಡಿಗೆ ಹೆಂಗಸರು ಬರುವುದು ನಿಂತಿತು. ಹೆಂಗಸರು ನಿಂತ ಮೇಲೆ ಗಂಡಸರೂ ನಿಂತರು. ತರಗತಿಯಲ್ಲಿ ಹುಡುಗರು ಮೊಮ್ಮಗಳಿಗೆ ಹೊಸ ಹೆಸರು ಇಟ್ಟಿದ್ದರು. ಅವಳು ಎದ್ದು ನಿಂತರೆ ಹಿಂದಿನ ಬೆಂಚಿನಿಂದ ಸಣ್ಣಗೆ "ಮುಜುಗರ" ಎನ್ನುವುದು ಕೇಳುತ್ತಿತ್ತು. ನಾನು ಕರಿಹಲಗೆಯ ಕಡೆ ತಿರುಗಿ ಬರೆಯುತ್ತಲೇ ಇದ್ದೆ. ಒಂದು ದಿನ ಅವಳು ಪದ್ಯ ಓದಲು ಎದ್ದವಳು ಓದದೆ ಕೂತಳು. ಮರುದಿನದಿಂದ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ದಿನವೂ ಗೈರು ಎಂದು ಹಾಕಿದವಳು ನಾನೇ. ಅವಳ ಮನೆ ನಮ್ಮ ಬೀದಿಯಲ್ಲೇ ಇತ್ತು, ಹೋಗಿ ಕರೆಯಲಿಲ್ಲ. ದಸರಾ ರಜೆಯ ಹೊತ್ತಿಗೆ ಅವರು ಅಂಗಡಿ ಖಾಲಿ ಮಾಡಿ ಚನ್ನಗಿರಿಗೆ ಹೋದರು. ಮಗನಿಗೆ ಅಲ್ಲಿ ಗೂಡ್ಸ್ ಆಟೋ ಓಡಿಸುವ ಕೆಲಸ ಸಿಕ್ಕಿತ್ತು.

ನಾನು ವರ್ಗಾವಣೆ ಕೇಳಿ ಜಗಳೂರು ತಾಲ್ಲೂಕಿಗೆ, ಸೊಕ್ಕೆಯ ಆಚೆಯ ಒಂದು ಶಾಲೆಗೆ ಬಂದೆ. ಅವ್ವನಿಗೆ ಬಡ್ತಿಗೆ ಅನುಕೂಲ ಎಂದು ಹೇಳಿದೆ. ಅವ್ವ ನಂಬಿದಳೋ ಇಲ್ಲವೋ, ಏನೂ ಕೇಳಲಿಲ್ಲ. ಮೂರು ವರ್ಷದ ಮೇಲೆ, ಹೋದ ಬೇಸಿಗೆಯಲ್ಲಿ, ಫೋನಿನಲ್ಲಿ ಹೇಳಿದಳು: "ಸಾಬ್ರಿಗೆ ಲಕ್ವ ಹೊಡದೈತಂತೆ. ಎಡಗಡೆ ಸ್ವಾಧೀನ ಇಲ್ಲಂತೆ. ನೀನು ಹೋಗಿ ಬರಬೇಕು." ಬರಬೇಕು ಎಂಬುದನ್ನು ಒತ್ತಿ ಹೇಳಿದಳು. ಅವಳಿಗೆ ಎಲ್ಲ ಗೊತ್ತಿತ್ತು ಎಂದು ಆಗ ಗೊತ್ತಾಯಿತು.

ಭಾನುವಾರ ಚನ್ನಗಿರಿಗೆ ಹೋದೆ. ಸೊಸೆ ಬಾಗಿಲು ತೆಗೆದು ಪಕ್ಕಕ್ಕೆ ಸರಿದಳು. ಚಾಚಾ ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಬಾಯಿ ಒಂದು ಕಡೆಗೆ ವಾಲಿತ್ತು, ಮಾತು ತೊದಲುತ್ತಿತ್ತು, ಆದರೆ ಅರ್ಥವಾಗುತ್ತಿತ್ತು. ಪಕ್ಕದ ಕೋಣೆಯಿಂದ ಮಷೀನಿನ ಸದ್ದು ಬರುತ್ತಿತ್ತು. ಮೊಮ್ಮಗಳು ಹೊಲಿಯುತ್ತಿದ್ದಳು.

ನಾನು ಕುರ್ಚಿಯಲ್ಲಿ ಕೂರಲಿಲ್ಲ. ನಿಂತೇ ಹೇಳಿದೆ. "ಚಾಚಾ, ಯಾವ ಮಗುವೂ ಹಂಗೆ ಅಂದಿರಲಿಲ್ಲ. ಅದನ್ನ ಬರೆದಿದ್ದು ನಾನು."

"ಗೊತ್ತು," ಎಂದರು. "ಇಸ್ಕೂಲಿಗೆ ಬಂದೆನಲ್ಲ, ಅವತ್ತೇ ಗೊತ್ತಿತ್ತು. ನಿಮ್ಮ ಜವಾನ ಹೇಳಿದ್ದ."

"ಮತ್ತೆ ಯಾಕೆ ಕೇಳಿದ್ರಿ?"

"ನೀನೇ ಹೇಳ್ತೀಯೇನೋ ಅಂತ." ಹದಿನೈದು ವರ್ಷಗಳ ಮೇಲೆ ಅವರು ನನಗೆ 'ನೀನು' ಎಂದಿದ್ದರು. ಅದರಲ್ಲಿ ಪ್ರೀತಿ ಇರಲಿಲ್ಲ. "ಹೇಳಿದ್ರೆ ನಾನು ಸುಮ್ನಾಗ್ತಿದ್ದೆ. ಹೆದ್ರಿಕೆಗೆ ಬರೆದೆ ಅಂದಿದ್ರೆ ಸಾಕಿತ್ತು. ನಂಗೂ ಹೆದ್ರಿಕೆ ಆಗ್ತೈತೆ, ಗೊತ್ತಾಗಾಕಿಲ್ವಾ?"

ನಾನು ಅತ್ತೆ. ಮಾಫಿ ಮಾಡಿ ಎಂದೆ. ಅವರು ಸರಿಯಿದ್ದ ಬಲಗೈಯನ್ನು ಎತ್ತಿ ಮಷೀನಿನ ಸದ್ದು ಬರುತ್ತಿದ್ದ ಕೋಣೆಯ ಕಡೆ ತೋರಿಸಿದರು.

"ನನ್ನ ಮುಂದೆ ಅಳಬ್ಯಾಡ. ನಂದು ಮುಗೀತು. ಅವಳು ಟೀಚರ್ ಆಗ್ತೀನಿ ಅಂತಿದ್ಳು. ನಿನ್ನಂಗೆ. ಅವಳತ್ರ ಕೇಳು."

ಆ ಕೋಣೆಯ ಬಾಗಿಲವರೆಗೆ ಹೋದೆ. ಮಷೀನು ನಿಲ್ಲಲಿಲ್ಲ. ಅವಳು ತಲೆ ಎತ್ತಲಿಲ್ಲ. ಆ ಪುಟದಲ್ಲಿ ಬರೆದದ್ದು ಸರಿಯಲ್ಲವೆಂದು ಶಾಲೆಗೆ ಬರೆದು ಕೊಡುತ್ತೇನೆ, ಎಲ್ಲರಿಗೂ ತಿಳಿಯುವ ಹಾಗೆ ಮಾಡುತ್ತೇನೆ ಎಂದು ಬಾಗಿಲಲ್ಲೇ ನಿಂತು ಹೇಳಿದೆ.

ಜಗಳೂರಿಗೆ ವಾಪಸು ಬಂದು ಪತ್ರ ಬರೆಯಲು ಕೂತೆ. ಬರೆಯಲಾಗಲಿಲ್ಲ. ಸರ್ಕಾರಿ ದಾಖಲೆಯಲ್ಲಿ ಸುಳ್ಳು ಬರೆದೆ ಎಂದು ನನ್ನ ಕೈಯಾರೆ ಕೊಟ್ಟರೆ ಮುಂದೆ ಏನಾದೀತೋ ಎಂದು ಒಬ್ಬರನ್ನು ಕೇಳಿದೆ. ಅವರು ಸುಮ್ಮನಿರಿ ಎಂದರು. ಪರೀಕ್ಷೆ ಬಂತು, ಮೌಲ್ಯಮಾಪನ ಬಂತು, ರಜೆ ಬಂತು. ಎರಡು ತಿಂಗಳಾಯಿತು. ಒಂದು ಬೆಳಿಗ್ಗೆ ಅವ್ವ ಫೋನು ಮಾಡಿ, ಸಾಬರು ಹೋದರು ಎಂದಳು. ಮಣ್ಣಿಗೆ ನ್ಯಾಮತಿಗೇ ತಂದಿದ್ದರಂತೆ. ಅವರು ಹೊಲಿದ ಬಟ್ಟೆ ತೊಟ್ಟು ಬೆಳೆದ ಊರಿನಿಂದ ಎಷ್ಟು ಜನ ಬಂದಿದ್ದರು ಎಂದು ಕೇಳಿದೆ. "ಅವರ ಕಡೆಯೋರು ಬಂದಿದ್ರು. ನಮ್ಮ ಕಡೆಯಿಂದ ನಾನೊಬ್ಬಳು, ಸೈಕಲ್ ಶಾಪಿನವನು," ಎಂದಳು ಅವ್ವ.

ಅಂದೇ ಸಂಜೆ ಪತ್ರ ಬರೆದೆ. ಅವರು ಸತ್ತ ಮೇಲೆ ಬರೆಯುವುದು ಸುಲಭವಾಯಿತು. ಇದನ್ನು ಬರೆಯುವಾಗ ನನಗೆ ಆಗುವ ಹೇಸಿಗೆಗೆ ನಿಘಂಟಿನಲ್ಲಿ ಪದವಿಲ್ಲ. ಅವರು ಹುಡುಕು ಎಂದ ಎರಡು ಪದಗಳೂ ನನಗೆ ಸಿಗಲಿಲ್ಲ. ಸಿಕ್ಕಿದ್ದು ಎರಡನೆಯದರ, ತಪ್ಪು ಮಾಡಿದ ಮೇಲೆ ಬರುವುದರ, ಅನುಭವ ಮಾತ್ರ.

ಸಾವಿನ ನಲವತ್ತನೇ ದಿನದ ಪ್ರಾರ್ಥನೆ ಕಳೆದ ಮೇಲೆ ಪತ್ರ ಹಿಡಿದು ಚನ್ನಗಿರಿಗೆ ಹೋದೆ. ಮೊಮ್ಮಗಳು ಹೊಸ್ತಿಲಲ್ಲೇ ನಿಂತು ತೆಗೆದುಕೊಂಡಳು. ಹದಿನೆಂಟರ ಹುಡುಗಿ, ಕುತ್ತಿಗೆಯಲ್ಲಿ ಟೇಪು. ನಿಧಾನವಾಗಿ, ಎರಡು ಸಲ ಓದಿದಳು.

"ಮಿಸ್, 'ತಪ್ಪು ತಿಳಿವಳಿಕೆಯಿಂದ ನಮೂದಾಗಿರುತ್ತದೆ' ಅಂತ ಬರ್ದೀರಿ," ಎಂದಳು. "ನಿಮಗೇನು ತಪ್ಪು ತಿಳಿವಳಿಕೆ ಆಗಿತ್ತು?"

ಕಾಗದವನ್ನು ನನ್ನ ಕಡೆ ತಿರುಗಿಸಿ ಹಿಡಿದಳು.

"ಸುಳ್ಳು ಅಂತ ಎಲ್ಲೂ ಇಲ್ವಲ್ಲ ಇದರಾಗೆ."

ಇರಲಿಲ್ಲ. ಮತ್ತೊಮ್ಮೆ ಮೆತ್ತನೆಯ ಪದವನ್ನೇ ಆರಿಸಿದ್ದೆ, ನನಗೇ ಗೊತ್ತಾಗದ ಹಾಗೆ. ಶಾಲೆ ಬಿಟ್ಟು ನಾಲ್ಕು ವರ್ಷವಾದ ಹುಡುಗಿ ಅದನ್ನು ಎರಡು ನಿಮಿಷದಲ್ಲಿ ಹಿಡಿದಿದ್ದಳು. ಬ್ಯಾಗಿನಿಂದ ಪೆನ್ನು ತೆಗೆದೆ. ಬರೆಯಲು ಆಧಾರ ಕೊಡಲು ಅವಳು ಏನನ್ನೂ ತರಲಿಲ್ಲ. ಜಗಲಿಯ ಕಲ್ಲಿನ ಮೇಲೆ ಕಾಗದವಿಟ್ಟು, ಮಂಡಿಯೂರಿ, ಆ ಸಾಲನ್ನು ಹೊಡೆದು ಹಾಕಿ ಬರೆದೆ: 'ನಾನು ಬರೆದದ್ದು ಸುಳ್ಳು. ಸುಳ್ಳೆಂದು ಗೊತ್ತಿದ್ದೇ ಬರೆದೆ. ಅವರಿಂದ ಯಾವ ಮಗುವಿಗೂ ಏನೂ ಆಗಿರಲಿಲ್ಲ.' ಕೆಳಗೆ ನನ್ನ ಪೂರ್ತಿ ಹೆಸರು ಹಾಕಿದೆ.

ಅವಳು ಓದಿದಳು. ಮೊಬೈಲು ತಂದು ಅದರ ಫೋಟೋ ತೆಗೆದುಕೊಂಡಳು. "ಇದನ್ನ ನಾನೇ ಎಲ್ಲರಿಗೂ ಕಳಿಸ್ತೀನಿ ಮಿಸ್," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಾಫಿಯ ಮಾತು ಅವಳು ಎತ್ತಲಿಲ್ಲ. ಕೇಳುವ ಧೈರ್ಯ ನನಗೂ ಬರಲಿಲ್ಲ.